ಗುಡ್ಡದಾಚೆಯ ಸುದ್ದಿಗೆ ಕಾಯುವ ದಾರಿಯಕ್ಕ

ಬೆಳಗಿನ ಐದೂವರೆ. ನಾಲೆಯ ಏರಿಯ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂದೆ ಹೋಗುತ್ತಿದ್ದ ಸೈಕಲ್ಲಿನ ಕೆಂಪು ದೀಪ ಹೇಳದೆ ಕೇಳದೆ ನಿಂತುಬಿಡುತ್ತದೆ. ಇನ್ನೇನು ಗುದ್ದಬೇಕು ಅನ್ನುವಷ್ಟರಲ್ಲಿ ನಾನು ಬ್ರೇಕ್ ಹಿಡಿದು ಸಾವರಿಸಿಕೊಳ್ಳುತ್ತೇನೆ. ಐವತ್ತೆಂಟು ವರ್ಷದ ಹೆಂಗಸು ಬಲಗಾಲನ್ನು ನೆಲಕ್ಕೆ ಊರಿ, ಎಡಗಾಲನ್ನು ಕೈಯಿಂದಲೇ ಎತ್ತಿ ಈಚೆಗೆ ತಂದುಕೊಂಡು ಇಳಿಯುತ್ತಾರೆ. ಟಾರ್ಚ್ ಹಾಕಿ ದಾರಿಯ ಅಂಚು ನೋಡುತ್ತಾರೆ. ನಿನ್ನೆ ಸಂಜೆ ಯಾವುದೋ ಟ್ರ್ಯಾಕ್ಟರ್ ಇಲ್ಲಿ ತಿರುಗಿಸಿಕೊಂಡಿದೆ. ಮೊಳದಷ್ಟು ಮಣ್ಣು ಜರಿದು ನಾಲೆಗೆ ಬಿದ್ದಿದೆ. ಅಂಚನ್ನು ಚಪ್ಪಲಿಯಿಂದ ಅದುಮಿ ನೋಡಿ, ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಜರಿದ ಜಾಗಕ್ಕೆ ನಾಲ್ಕು ಹೆಜ್ಜೆ ಮೊದಲೇ ದಪ್ಪನೆಯ ಬಿಳಿ ಗೆರೆ ಎಳೆಯುತ್ತಾರೆ.

"ಇಲ್ಲಿಂದ ಬಲಕ್ಕೇ ಇರಿ. ನೀವು ಬರೋ ಹೊತ್ತಿಗೆ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತೆ. ಗುಂಡಿ ಕಾಣಲ್ಲ" ಎನ್ನುತ್ತಾರೆ.

ಇವತ್ತಿನ ಗಿರಾಕಿ ನಾನೊಬ್ಬನೇ. ನಾನು ಎಂಟು ಗಂಟೆಗೆ ಹೊರಡುವ ದಾರಿಯನ್ನು ಅವರು ಐದು ಗಂಟೆಗೇ ಎದ್ದು ನೋಡಿಬರುತ್ತಿದ್ದಾರೆ. ನನ್ನನ್ನು ಜೊತೆಗೆ ಕರೆದಿದ್ದೇನೂ ಇಲ್ಲ, ನಾನೇ ಗಂಟುಬಿದ್ದು ಬಂದಿದ್ದೇನೆ. ಹನ್ನೊಂದು ವರ್ಷದಲ್ಲಿ ಈ ಹೊತ್ತಿಗೆ ಅವರ ಹಿಂದೆ ಇನ್ನೊಂದು ಸೈಕಲ್ ಬಂದಿದ್ದು ಇದೇ ಮೊದಲಂತೆ. ಅದಕ್ಕೇ ಇರಬೇಕು, ಹಿಂದೆ ಒಬ್ಬ ಇದ್ದಾನೆ ಎನ್ನುವುದನ್ನು ಮರೆತು ಪದೇ ಪದೇ ಹಾಗೆ ದಿಢೀರನೆ ನಿಲ್ಲುತ್ತಾರೆ.

ಊರಿನವರು ಅವರನ್ನು ದಾರಿಯಕ್ಕ ಎನ್ನುತ್ತಾರೆ. ರೈಲ್ವೆ ಸ್ಟೇಷನ್ನಿನ ಹಳೆಯ ಪಾರ್ಸೆಲ್ ಕೋಣೆಯಲ್ಲಿ ಅವರ ಸೈಕಲ್ ಬಾಡಿಗೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಒಂಬತ್ತು ಸೈಕಲ್ಲು, ಹಿಂದಿನ ಕೋಣೆಯಲ್ಲಿ ಅವರು. ಹೊಸಬರು ಊರಿಗೆ ಬಂದು, ಒಂದು ದಿನ ಬಿಡುವಿದೆ, ಸುತ್ತಮುತ್ತ ಚೆಂದದ ಜಾಗ ನೋಡಿಕೊಂಡು ಬರೋಣ ಎಂದುಕೊಂಡರೆ, ಸ್ಟೇಷನ್ನಿನಲ್ಲಿ ಯಾರನ್ನು ಕೇಳಿದರೂ ಕೈ ಈ ಬಾಗಿಲಿನ ಕಡೆಗೇ ತೋರಿಸುತ್ತದೆ.

ನಾನು ಬಂದಿದ್ದೂ ಹಾಗೆಯೇ. ಪತ್ರಿಕೆಗೆ ಬರೆಯುವ ಎರಡು ದಿನದ ಕೆಲಸವೆಂದು ಬಂದವನಿಗೆ ಕೆಲಸ ಒಂದೇ ದಿನಕ್ಕೆ ಮುಗಿದಿತ್ತು. ಫೋನಿನಲ್ಲಿ ಒಂದು ದಾರಿ ಹುಡುಕಿ ಇಟ್ಟುಕೊಂಡಿದ್ದೆ. ಹೆದ್ದಾರಿಯಲ್ಲಿ ನೆಟ್ಟಗೆ ಹೋಗಿ ಜಲಾಶಯ ನೋಡಿ ಬರುವುದು, ಇಪ್ಪತ್ತೆಂಟು ಕಿಲೋಮೀಟರು. ಸೈಕಲ್ ಕೊಟ್ಟರೆ ಸಾಕು ಎಂದೆ. ದಾರಿಯಕ್ಕ ಫೋನನ್ನು ಇಸಿದುಕೊಂಡು, ಕಣ್ಣಿನಿಂದ ದೂರ ಹಿಡಿದು ನೋಡಿದರು.

"ದಾರಿ ಸರಿಯಾಗೇ ತೋರಿಸಿದೆ. ನಿಮ್ಮ ಮೊಣಕಾಲು ಇದಕ್ಕೆ ಗೊತ್ತಾ?"

ಅಲ್ಲಿಂದ ವಿಚಾರಣೆ ಶುರು. ಕೊನೇ ಸಲ ಸೈಕಲ್ ತುಳಿದಿದ್ದು ಯಾವಾಗ? ಸುಳ್ಳು ಹೇಳಬೇಡಿ, ಹತ್ತು ವರ್ಷ ಆಗಿದ್ದರೆ ಹತ್ತು ಅನ್ನಿ. ಬೆನ್ನು ನೋವಿದೆಯಾ? ಬಿಸಿಲು ತಡೀತೀರಾ? ವಾಪಸ್ ರೈಲು ಎಷ್ಟಕ್ಕೆ? ಒಬ್ಬರೇ ಹೋಗ್ತೀರಾ, ಜೊತೆ ಯಾರಾದರೂ ಇದ್ದಾರಾ? ಒಬ್ಬನೇ ಎಂದಾಗ ಅವರು ತಲೆ ಎತ್ತಿ ಒಮ್ಮೆ ನೋಡಿದರು. ಕೊನೆಗೆ, "ಮನುಷ್ಯರ ಜೊತೆ ಮಾತಾಡೋಕೆ ಬೇಜಾರಿಲ್ಲ ತಾನೆ?" ಎಂದು ಕೇಳಿದರು. ಇದೆಂಥ ಪ್ರಶ್ನೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಹಳೆಯ ಪಾರ್ಸೆಲ್ ಫಾರಂ ಒಂದನ್ನು ಮಗುಚಿ, ಅದರ ಕೆಳಗೆ ಕಾರ್ಬನ್ ಕಾಗದ, ಅದರ ಕೆಳಗೆ ಇನ್ನೊಂದು ಫಾರಂ ಇಟ್ಟು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಬರೆಯಲು ಕೂತರು. ಇಪ್ಪತ್ತು ನಿಮಿಷ ಹಿಡಿಯಿತು. ನಲವತ್ತೊಂದು ಕಿಲೋಮೀಟರಿನ ಒಂದು ಸುತ್ತು. ಬೆಳಿಗ್ಗೆ ಗಾಳಿ ಕೆರೆಯ ಕಡೆಯಿಂದ ಬೀಸುತ್ತದಂತೆ. ಹೋಗುವಾಗ ಅದನ್ನು ಎದುರಿಗೆ ಇಟ್ಟುಕೊಂಡು ಹೋಗಬೇಕು, ಸುಸ್ತಾಗಿ ಬರುವಾಗ ಅದೇ ಬೆನ್ನಿಗೆ ಬಂದು ತಳ್ಳುತ್ತದೆ. ನಾಲೆಯ ಏರಿ, ಹಳೆಯ ರೈಲ್ವೆ ಗೇಟು, ಸಾಲುಮರದ ದಾರಿ, ಗುಡ್ಡ, ಗುಡ್ಡದ ಮೇಲಿನಿಂದ ಜಲಾಶಯದ ನೋಟ, ಇಳಿಜಾರು, ಕೆರೆಯಂಚು. ಎಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲಿ ಇಳಿದು ತಳ್ಳಬೇಕು, ಎಲ್ಲಿ ಹಿಂದಿರುಗಿ ನೋಡಿದರೆ ಊರು ಪೂರ್ತಿ ಕಾಣುತ್ತದೆ, ಎಲ್ಲವೂ ಆ ಕಾಗದದಲ್ಲಿದೆ. ಮೂರು ಕಡೆ ಒಂದು ಲೋಟದ ಚಿತ್ರ. ಕೆಳಗೆ ಬರೆದಿದೆ: 'ಇಲ್ಲಿ ನೀರು ಕೇಳಿ ಕುಡಿಯಿರಿ.'

"ನನ್ನ ಹತ್ತಿರ ನೀರಿನ ಬಾಟಲಿ ಇದೆ" ಎಂದೆ.

"ಇರಲಿ. ಆದ್ರೂ ಕೇಳಿ ಕುಡೀರಿ."

ಬೆಳಗಿನ ತಪಾಸಣೆ ಒಂಬತ್ತು ಕಿಲೋಮೀಟರಿಗೆ, ಮೊದಲ ಲೋಟದ ಗುರುತಿರುವ ಹಳೆಯ ರೈಲ್ವೆ ಗೇಟಿನ ಹತ್ತಿರ ಮುಗಿಯುತ್ತದೆ. ಅಲ್ಲಿ ಹಳಿ ಕಿತ್ತುಹಾಕಿ ಎಷ್ಟೋ ವರ್ಷವಾಗಿದೆ. ಗೇಟಿನ ಕಂಬಗಳು ಉಳಿದಿವೆ, ಪಕ್ಕದ ಒಂದು ಕೋಣೆಯ ಮನೆ ಉಳಿದಿದೆ, ಗೇಟ್ ಕಾಯುತ್ತಿದ್ದ ತಾತ ಉಳಿದಿದ್ದಾರೆ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅವರು ನನ್ನನ್ನು ಕಂಡು ಕಣ್ಣರಳಿಸುತ್ತಾರೆ. "ಏನ್ ತಂಗಿ, ಇವತ್ತು ಇಬ್ರು?" ದಾರಿಯಕ್ಕ ಅವರ ಕೈ ಹಿಡಿದು ಉಗುರು ಬಿಳಚಿದೆಯಾ ಎಂದು ನೋಡುತ್ತಾರೆ, ಮಾತ್ರೆ ನುಂಗಿದಿರಾ ಎಂದು ಕೇಳುತ್ತಾರೆ, ನೀರು ಕುಡಿದು ಹೊರಡುತ್ತಾರೆ. ಮುಂದೆ ಗುಡ್ಡ ಮಸುಕಾಗಿ ಕಾಣುತ್ತಿದೆ. ಸೈಕಲ್ ತಿರುಗಿಸುವ ಮುಂಚೆ ಅವರು ಅದರ ಕಡೆ ಸ್ವಲ್ಪ ಹೊತ್ತು ನೋಡುತ್ತಾರೆ. ಇಲ್ಲಿಂದ ಮುಂದಕ್ಕೆ ಅವರು ಹೋಗಿ ಹದಿನಾಲ್ಕು ತಿಂಗಳಾಗಿದೆ.

ವಾಪಸ್ ಬಂದ ಮೇಲೆ ಹಿಂದಿನ ಕೋಣೆಯಲ್ಲಿ ಚಹಾ. ಒಂದು ಮಂಚ, ಒಂದು ಸ್ಟೌ, ಒಂದು ಕುರ್ಚಿ. ಯಾರಾದರೂ ಬಂದರೆ ಕುರ್ಚಿ ಅವರಿಗೆ, ಮಂಚದ ಅಂಚು ಇವರಿಗೆ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಅವುಗಳಲ್ಲಿ ಹನ್ನೊಂದು ವರ್ಷದ ಕಾರ್ಬನ್ ಪ್ರತಿಗಳಿವೆ. ವರ್ಷಕ್ಕೆ ಇನ್ನೂರು ಚಿಲ್ಲರೆ ಜನ. ಒಬ್ಬೊಬ್ಬರಿಗೂ ಬರೆದುಕೊಟ್ಟ ದಾರಿಯ ನಕಲು ಇಲ್ಲಿ ಉಳಿದಿದೆ.

"ಕಾರ್ಬನ್ ಹಾಕೋದು ಪೋಸ್ಟ್ ಆಫೀಸಿನ ಚಾಳಿ" ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಅವರು ಸೈಕಲ್ ಮೇಲೆ ಕಾಗದ ಹಂಚಿದವರು. ಅಪ್ಪ ರೈಲ್ವೆ ಹಳಿ ರಿಪೇರಿಯ ಕೆಲಸಗಾರ. ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು. ಇಪ್ಪತ್ತನಾಲ್ಕನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ, ಹೆಂಗಸು ದಿನಾ ಇಷ್ಟು ದೂರ ತುಳಿಯುತ್ತಾಳಾ ಎಂದು ಮೂಗು ಮುರಿದವರೇ ಹೆಚ್ಚು. ತುಳಿದರು. ಈಗ ನನ್ನಂಥವರಿಗೆ ಬರೆದುಕೊಡುವ ನಲವತ್ತೊಂದು ಕಿಲೋಮೀಟರಿನ ಸುತ್ತು ಬೇರೇನೂ ಅಲ್ಲ, ಆಗಿನ ಅವರ ಟಪಾಲಿನ ದಾರಿ.

ಮದುವೆಯಾಗಿತ್ತು. ಎರಡೇ ವರ್ಷ. "ಅವರಿಗೆ ಬಾಗಿಲು ತೆಗೆಯೋ ಹೆಂಡತಿ ಬೇಕಿತ್ತು. ನಾನು ಕಾಲಿಗೆ ಚಕ್ರ ಕಟ್ಕೊಂಡೋಳು. ಅವರು ಬಂದಾಗ ನಾನಿರ್ತಿರಲಿಲ್ಲ, ನಾನು ಬಂದಾಗ ಅವರಿಗೆ ಸಿಟ್ಟಿರ್ತಿತ್ತು. ಜಗಳ ಅಂತ ಏನಿಲ್ಲ. ಒಂದಿನ ಅವರ ಬಟ್ಟೆ ಇರಲಿಲ್ಲ, ಅಷ್ಟೇ." ಈಗ ಇರುವುದು ಅಣ್ಣ ಒಬ್ಬರು, ದೂರದ ಊರಿನಲ್ಲಿ. ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. "ಊಟ ಆಯ್ತಾ, ಕಾಲು ಹೇಗಿದೆ, ಮಳೆ ಬಂತಾ. ಮೂರಕ್ಕೂ ಹೂಂ ಅಂದ್ರೆ ಫೋನ್ ಮುಗೀತು. ಮಳೆ ಬರದಿದ್ರೂ ಹೂಂ ಅಂತೀನಿ. ಇಲ್ಲ ಅಂದ್ರೆ ಪಾಪ, ಮುಂದೇನು ಕೇಳೋದು ಅಂತ ಅವನಿಗೂ ಗೊತ್ತಾಗಲ್ಲ."

ಹನ್ನೆರಡು ವರ್ಷದ ಹಿಂದೆ ಈ ಭಾಗದ ಟಪಾಲು ವ್ಯವಸ್ಥೆ ಬದಲಾಯಿತು. ಮನೆಮನೆಗೆ ಹಂಚುವುದು ನಿಂತು, ವಾರಕ್ಕೆರಡು ಸಲ ವ್ಯಾನು ಬಂದು ಕೂಡುರಸ್ತೆಯ ಪೆಟ್ಟಿಗೆಗಳಲ್ಲಿ ಹಾಕಿ ಹೋಗುವ ಪದ್ಧತಿ ಬಂತು. ಇವರನ್ನು ಒಳಗೆ ಕಾಗದ ವಿಂಗಡಿಸುವ ಕೆಲಸಕ್ಕೆ ಹಾಕಿದರು. ಫ್ಯಾನಿನ ಕೆಳಗಿನ ಕುರ್ಚಿ, ಬಿಸಿಲಿಲ್ಲ, ಮಳೆಯಿಲ್ಲ. ಎಲ್ಲರೂ ಪುಣ್ಯ ಮಾಡಿದ್ದೀಯ ಎಂದರು.

ಅದೇ ವರ್ಷದ ಚಳಿಗಾಲದಲ್ಲಿ, ಕೆರೆಯಂಚಿನ ತಿರುವಿನಲ್ಲಿ ಒಂಟಿಯಾಗಿದ್ದ ಲೆಕ್ಕದ ಮೇಷ್ಟ್ರು ತೀರಿಕೊಂಡರು. ಗೊತ್ತಾಗಿದ್ದು ನಾಲ್ಕು ದಿನದ ಮೇಲೆ. ಅವರಿಗೆ ಬಂದ ಎರಡು ಕಾಗದ ಕೂಡುರಸ್ತೆಯ ಪೆಟ್ಟಿಗೆಯಲ್ಲೇ ಕೂತಿದ್ದವು.

"ಆ ಎರಡನ್ನೂ ವಿಂಗಡಿಸಿದ್ದು ನಾನೇ" ಎನ್ನುತ್ತಾರೆ ದಾರಿಯಕ್ಕ, ಲೋಟದೊಳಗೆ ನೋಡುತ್ತಾ. "ನನ್ನ ಕೈಯಿಂದಲೇ ಆ ಖಾನೆಗೆ ಹಾಕಿದ್ದು. ಮೇಷ್ಟ್ರು ದಿನಾ ಹನ್ನೆರಡೂ ಕಾಲಿಗೆ ಅವರ ಮನೆ ಗೇಟ್ ಹತ್ರ ನಿಂತಿರೋರು. ಕಾಗದ ಇರಲಿ ಬಿಡಲಿ. ಇಲ್ಲ ಮೇಷ್ಟ್ರೇ ಅಂದ್ರೆ, ಸರಿ ಬಿಡು, ನಾಳೆ ಅನ್ನೋರು. ನಾನು ದಾರೀಲಿದ್ದಿದ್ರೆ ಬದುಕಿಸ್ತಿದ್ದೆ ಅಂತ ಹೇಳಲ್ಲ. ಅದೇ ದಿನ ಗೊತ್ತಾಗ್ತಿತ್ತು. ನಾಲ್ಕು ದಿನ ಯಾರಿಗೂ ಗೊತ್ತಾಗದೆ..."

ಆ ತಿಂಗಳೇ ಅವರು ಕೆಲಸ ಬಿಟ್ಟರು. ಮುಚ್ಚಿಹೋದ ಗಿರಣಿಯ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸೈಕಲ್ಲುಗಳನ್ನು ತಂದು, ಒಂದೊಂದೇ ಬಿಚ್ಚಿ ತೊಳೆದು ಜೋಡಿಸಿದರು. ಸ್ಟೇಷನ್ ಮಾಸ್ತರು ಖಾಲಿ ಬಿದ್ದಿದ್ದ ಪಾರ್ಸೆಲ್ ಕೋಣೆ ಕೊಡಿಸಿದರು. ಮೊದಲ ಗಿರಾಕಿಗೆ ದಾರಿ ಬರೆಯುವಾಗ ಲೋಟದ ಚಿತ್ರ ಬರೆಯಬೇಕೆಂದು ಅವರಿಗೆ ಹೊಳೆಯಿತು.

"ಆ ಮನೆಗಳಿಗೆ ಕಾಗದ ಹೋಗೋದು ನಿಂತುಹೋಯ್ತು. ಜನಾನಾದ್ರೂ ಹೋಗ್ಲಿ ಅಂತ" ಎನ್ನುತ್ತಾರೆ. "ಬಂದೋರಿಗೆ ಇದನ್ನೆಲ್ಲ ಹೇಳಲ್ಲ. ಹೇಳಿದ್ರೆ ಆಸ್ಪತ್ರೆಗೆ ನೋಡೋಕೆ ಹೋದೋರ ಥರ ಮುಖ ಮಾಡ್ಕೊಂಡು ಹೋಗ್ತಾರೆ. ಬಾಯಾರಿಕೆಯಿಂದ ಹೋದ್ರೇ ಚೆಂದ."

ಮೊದಲು ಲೋಟದ ಗುರುತುಗಳು ಏಳು ಇದ್ದವು. ಈಗ ಮೂರಿವೆ. ಉಳಿದ ನಾಲ್ಕು ಮನೆಗಳ ಬಾಗಿಲಿಗೆ ಬೀಗ ಬಿದ್ದಿದೆ.

ಈ ಮೂರರಲ್ಲಿ ನಡುವಿನದು ಗುಡ್ಡದ ಮೇಲಿದೆ. ಅಲ್ಲಿರುವವರು ಹೊಲಿಗೆಯಮ್ಮ. ಗಂಡ ಗುಡ್ಡದ ಮೇಲಿನ ಹಳೆಯ ನೀರಿನ ಟ್ಯಾಂಕಿನ ಕಾವಲುಗಾರರಾಗಿದ್ದರು. ಟ್ಯಾಂಕು ನಿಂತಿತು, ಗಂಡನೂ ಹೋದರು, ಮನೆ ಮತ್ತು ಹೊಲಿಗೆ ಮೆಷಿನ್ನು ಉಳಿದವು. ಕಿವಿ ಸ್ವಲ್ಪವೂ ಕೇಳಿಸದು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಾರೆ, ಓದು ಬರಹ ಬಾರದು, ಹಾಗಾಗಿ ಫೋನಿನಿಂದ ಪ್ರಯೋಜನವಿಲ್ಲ. ಇಪ್ಪತ್ತೆರಡು ವರ್ಷ, ಕಾಗದ ಇರಲಿ ಇಲ್ಲದಿರಲಿ, ದಾರಿಯಕ್ಕ ಗುಡ್ಡ ಹತ್ತಿ ಅವರ ಮನೆಯ ಕಟ್ಟೆಯ ಮೇಲೆ ಕೂತು ತಮ್ಮ ಡಬ್ಬಿಯ ಊಟ ಮಾಡುತ್ತಿದ್ದರು. "ಅವಳ ಜೊತೆ ಮಾತಾಡೋವಾಗ ಮುಖ ಆಚೆ ತಿರುಗಿಸೋ ಹಾಗಿಲ್ಲ. ಅವಳನ್ನೇ ನೋಡ್ಕೊಂಡು ಮಾತಾಡ್ಬೇಕು. ಹಂಗೆ ಮಾತಾಡೋ ಅಭ್ಯಾಸ ಆದ್ಮೇಲೆ ಬೇರೆಯವರ ಮಾತು ಮಾತು ಅನ್ಸಲ್ಲ."

ಹದಿನಾಲ್ಕು ತಿಂಗಳ ಹಿಂದೆ ರಜೆಯ ಮೇಲೆ ಬಂದ ಒಬ್ಬ ನರ್ಸು ಈ ದಾರಿ ಹಿಡಿದು ಹೋದರು. ಕಾಗದದಲ್ಲಿ ಬರೆದಂತೆ ಕಿಟಕಿಯ ಮುಂದೆ ನಿಂತು ಕೈ ಬೀಸಿದರು. ಯಾರೂ ಬರಲಿಲ್ಲ. 'ಕಾಣದಿದ್ದರೆ ಹಿಂದೆ ಸುತ್ತಿ ನೋಡಿ' ಎಂದೂ ಕಾಗದದಲ್ಲಿ ಬರೆದಿತ್ತು. ಸುತ್ತಿ ನೋಡಿದರೆ, ಟ್ಯಾಂಕಿನ ಪಕ್ಕದ ಪಾಚಿಯ ಮೇಲೆ ಹಿಂದಿನ ಸಂಜೆಯೇ ಜಾರಿ ಬಿದ್ದಿದ್ದ ಹೊಲಿಗೆಯಮ್ಮ ಸೊಂಟದ ಮೂಳೆ ಮುರಿದು ಅಲ್ಲೇ ಮಲಗಿದ್ದರು. ಎಚ್ಚರವಿತ್ತು. ನರ್ಸು ಮೊದಲು ಆಂಬುಲೆನ್ಸಿಗೆ, ಆಮೇಲೆ ಕಾಗದದ ತುದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು.

ದಾರಿಯಕ್ಕ ಅಂಗಡಿಯ ಬಾಗಿಲು ಎಳೆದುಕೊಂಡು ಸೈಕಲ್ ಹತ್ತಿದರು. ಗುಡ್ಡದ ಬುಡಕ್ಕೆ ಹದಿನೇಳು ಕಿಲೋಮೀಟರು. ಅಲ್ಲಿಂದ ಮೇಲಕ್ಕೆ ವಾಹನ ಹೋಗುವುದಿಲ್ಲ, ಕಡಿದಾದ ಕಲ್ಲುದಾರಿ. ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಹತ್ತಲು ಹೊರಟಿದ್ದರು. ನೀವು ಇಲ್ಲೇ ಇರಿ, ನಾವು ಕರೆತರುತ್ತೇವೆ ಎಂದರಂತೆ. ಇವರು ಕೇಳಲಿಲ್ಲ.

"ಅವರೆಲ್ಲ ಮುಖಕ್ಕೆ ಮಾಸ್ಕ್ ಹಾಕಿದ್ರು" ಎನ್ನುತ್ತಾರೆ. "ಅವಳಿಗೆ ಒಂದಕ್ಷರ ಗೊತ್ತಾಗ್ತಿರಲಿಲ್ಲ. ಯಾರಿವರು, ಎಲ್ಲಿಗೆ ಒಯ್ತಾರೆ, ಏನ್ ಮಾಡ್ತಾರೆ. ಬಾಯಿ ಕಾಣೋರು ಒಬ್ರು ಬೇಕಿತ್ತು ಅವಳಿಗೆ."

ಮೂರನೇ ತಿರುವಿನಲ್ಲಿ ಕಲ್ಲು ಜಾರಿ ಅವರ ಎಡಗಾಲು ಮಡಚಿಕೊಂಡಿತು. ಏನೋ ಕಿತ್ತ ಸದ್ದು ತಮಗೇ ಕೇಳಿಸಿತಂತೆ. ಯಾರಿಗೂ ಹೇಳಲಿಲ್ಲ. ಅದೇ ಕಾಲಿನಲ್ಲಿ ಹತ್ತಿದರು, ಸ್ಟ್ರೆಚರಿನ ಪಕ್ಕದಲ್ಲಿ ಹಿಮ್ಮುಖವಾಗಿ ಇಳಿದರು. ಮುಂದೆ ನೋಡಿಕೊಂಡು ಇಳಿದರೆ ಹೊಲಿಗೆಯಮ್ಮನಿಗೆ ಬಾಯಿ ಕಾಣುವುದಿಲ್ಲವಲ್ಲ. ಆಸ್ಪತ್ರೆಯಲ್ಲಿ ಗೆಳತಿಯನ್ನು ಒಳಗೆ ಸೇರಿಸಿ ಹೊರಗಿನ ಬೆಂಚಿನ ಮೇಲೆ ಕೂತಾಗ ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಒಳಗಿನ ನಾರುಗಳು ಹರಿದುಹೋಗಿದ್ದವು. ಸಪಾಟು ನೆಲದಲ್ಲಿ ದಿನಕ್ಕೆ ಇಪ್ಪತ್ತು ಕಿಲೋಮೀಟರು ಮೀರದಂತೆ ಸೈಕಲ್ ತುಳಿಯಬಹುದು, ಇನ್ನು ಮೇಲೆ ಏರು ಹತ್ತುವ ಯೋಚನೆ ಬಿಟ್ಟುಬಿಡಿ ಎಂದರು ಡಾಕ್ಟರು.

ಹೊಲಿಗೆಯಮ್ಮನನ್ನು ತಂಗಿಯ ಮಗಳು ತನ್ನ ಊರಿಗೆ ಕರೆದೊಯ್ದಳು. ಮೂರು ತಿಂಗಳಿಗೆ ಅವರು ಹಟ ಹಿಡಿದು, ನಾಲ್ಕು ಜನರಿಂದ ಕುರ್ಚಿಯ ಮೇಲೆ ಹೊರಿಸಿಕೊಂಡು ಗುಡ್ಡಕ್ಕೇ ಮರಳಿದರು. ಬುಡದ ಅಂಗಡಿಯವರು ವಾರಕ್ಕೊಮ್ಮೆ ಸಾಮಾನು ಮೇಲೆ ತಂದಿಡುತ್ತಾರೆ. ಅವರು ಇಳಿಯುವಂತಿಲ್ಲ, ಇವರು ಹತ್ತುವಂತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿದ್ದೇ ಕೊನೆ.

ನಿಮ್ಮನ್ನೂ ಕುರ್ಚಿಯ ಮೇಲೆ ಹೊತ್ತುಕೊಂಡು ಹೋಗಬಹುದಲ್ಲ ಎಂದೆ.

"ಕಾಯಿಲೆ ಬಿದ್ದೋರನ್ನ ಹೊರ್ತಾರೆ" ಎಂದು ನಗುತ್ತಾರೆ. "ಹರಟೆ ಹೊಡೆಯೋಕೆ ಹೋಗೋಳನ್ನ ಯಾರು ಹೊರ್ತಾರೆ?"

ನಾನು ಹೊರಡುವಾಗ ಎಂಟು ದಾಟಿದೆ. ದಾರಿಯಕ್ಕ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಸೀಟನ್ನು ಅರ್ಧ ಇಂಚು ಇಳಿಸಿ, ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹ್ಯಾಂಡಲ್ಲಿಗೆ ಕಟ್ಟುತ್ತಾರೆ. "ಗುಡ್ಡದ ಮೇಲೆ ನನ್ನ ಕಾಲಿನ ವಿಷಯ ಕೇಳಿದ್ರೆ, ಪರವಾಗಿಲ್ಲ, ಓಡಾಡ್ತಾಳೆ ಅನ್ನಿ."

ದಾರಿ ಅವರು ಬರೆದಂತೆಯೇ ಇದೆ. ಬಿಳಿ ಗೆರೆಯ ಹತ್ತಿರ ಬಿಸಿಲು ನಿಜವಾಗಿಯೂ ಕಣ್ಣಿಗೆ ಹೊಡೆಯುತ್ತದೆ. ಗೇಟ್ ತಾತ ಬೆಳಿಗ್ಗೆ ತಾನೇ ನೋಡಿದವನಿಗೆ ಮತ್ತೆ ಮೊದಲಿನಿಂದ ತಮ್ಮ ಗೇಟಿನ ಕತೆ ಹೇಳಿ, ಆಮೇಲೆ ನೀರು ಕೊಡುತ್ತಾರೆ. ಸಾಲುಮರದ ನೆರಳಿನಲ್ಲಿ ಎಂಟು ಕಿಲೋಮೀಟರು ಎದುರಿಗೆ ಒಬ್ಬರೂ ಸಿಗುವುದಿಲ್ಲ. ಗುಡ್ಡದ ಬುಡದಲ್ಲಿ ಇಳಿದು, ಇಪ್ಪತ್ತು ನಿಮಿಷ ತಳ್ಳಿಕೊಂಡು ಹತ್ತುತ್ತೇನೆ. ಮೂರನೇ ತಿರುವಿನ ಕಲ್ಲಿನ ಮೇಲೆ ಹೆಜ್ಜೆ ಇಡುವಾಗ ನಾನೂ ಕಾಲ ಕೆಳಗೆ ನೋಡಿಕೊಳ್ಳುತ್ತೇನೆ. ಮೇಲೆ ನಿಂತರೆ ಜಲಾಶಯ ಒಂದೇ ನೋಟಕ್ಕೆ ಸಿಗದಷ್ಟು ದೊಡ್ಡದು. ನೀರಿನ ಮೇಲೆ ಮೋಡದ ನೆರಳು ನಿಧಾನಕ್ಕೆ ದಾಟುತ್ತಿದೆ. ಇಂಥದ್ದನ್ನು ನೋಡಿದಾಗ ಪಕ್ಕದವರಿಗೆ ಮೊಣಕೈಯಿಂದ ತಿವಿದು ತೋರಿಸಬೇಕು ಅನಿಸುತ್ತದೆ. ಪಕ್ಕದಲ್ಲಿ ಸೈಕಲ್ಲಿದೆ.

ಕಿಟಕಿಯ ಮುಂದೆ ಕೈ ಬೀಸುತ್ತೇನೆ. ಮೆಷಿನ್ನಿನ ಸದ್ದು ನಿಲ್ಲುತ್ತದೆ. ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಹೊಲಿಗೆಯಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದಿದ್ದಾರೆ. ನೀರು ತರಲು ಒಳಗೆ ಹೋಗುವಾಗಲೂ ಗೋಡೆ, ಬಾಗಿಲ ಚೌಕಟ್ಟು, ಮೇಜಿನ ಅಂಚು, ಮತ್ತೆ ಗೋಡೆ. ನಡುವೆ ಎರಡು ಹೆಜ್ಜೆಯಷ್ಟು ಹಿಡಿಯಲು ಏನೂ ಇಲ್ಲದ ಜಾಗವಿದೆ. ಅಲ್ಲಿ ಉಸಿರು ಬಿಗಿಹಿಡಿದು ದಾಟುತ್ತಾರೆ.

"ಅವಳ ಕಾಲು ಹೇಗಿದೆ?" ಲೋಟ ಕೊಡುವ ಮುಂಚೆಯೇ ಕೇಳುತ್ತಾರೆ. ದನಿ ಅಗತ್ಯಕ್ಕಿಂತ ದೊಡ್ಡದು.

"ಪರವಾಗಿಲ್ಲ, ಓಡಾಡ್ತಾರೆ."

ಅವರು ನನ್ನ ಬಾಯಿಯನ್ನೇ ನೋಡುತ್ತಾರೆ. "ಎಲ್ಲರೂ ಇದೇ ಹೇಳ್ತಾರೆ. ಒಂದೇ ಅಕ್ಷರ ಆಚೀಚೆ ಇಲ್ಲ. ಹೇಳಿ ಕಳಿಸ್ತಾಳೆ ಅಂತ ನನಗೆ ಗೊತ್ತಿಲ್ವಾ?" ಲೋಟವನ್ನು ನನ್ನ ಕೈಗಿಟ್ಟು, "ಸೈಕಲ್ಲಿಂದ ಇಳಿಯೋವಾಗ ಎಡಗಾಲನ್ನ ಕೈಯಲ್ಲಿ ಎತ್ಕೋತಾಳಾ?" ಎನ್ನುತ್ತಾರೆ.

ನನ್ನ ತುಟಿ ಅಲುಗುವುದಿಲ್ಲ. ಅವರಿಗೆ ಅಷ್ಟು ಸಾಕು.

"ನನ್ನ ವಿಷಯ ಕೇಳಿದ್ರೆ, ಏನೂ ಹಿಡ್ಕೊಳ್ಳದೆ ನಡೀತಾಳೆ ಅನ್ನಿ" ಎಂದು, ಹೊಲಿಯುತ್ತಿದ್ದ ಬಟ್ಟೆಯನ್ನು ತೋರಿಸುತ್ತಾರೆ. ದಾರಿಯಕ್ಕನ ಸೈಕಲ್ಲುಗಳಿಗೆ ಸೀಟಿನ ಕವರು. ಒಳಗೆ ಹತ್ತಿ ತುಂಬಿಸಿದ ಎರಡು ಕವರುಗಳನ್ನು ಮಡಚಿ ನನ್ನ ಚೀಲಕ್ಕೆ ಹಾಕುತ್ತಾರೆ. ಮಗುವನ್ನು ರೈಲು ಹತ್ತಿಸಿದವರ ಹಾಗೆ, ನಾನು ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿರುತ್ತಾರೆ.

ಇಳಿಜಾರು ಮುಗಿದ ಮೇಲೆ ಮೂರನೆಯ ಲೋಟ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡ ಅಣ್ಣತಮ್ಮಂದಿರು, ಇಬ್ಬರೂ ಎಪ್ಪತ್ತು ದಾಟಿದವರು. ಮಾತು ಬಿಟ್ಟು ಹತ್ತೊಂಬತ್ತು ವರ್ಷ. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದೆ: 'ಎಡಬಾಗಿಲಲ್ಲಿ ಅರ್ಧ ಲೋಟ, ಬಲಬಾಗಿಲಲ್ಲಿ ಅರ್ಧ ಲೋಟ. ಒಂದೇ ಕಡೆ ಪೂರ್ತಿ ಕುಡಿಯಬೇಡಿ.' ಅಣ್ಣ ಕೊಟ್ಟಿದ್ದನ್ನು ಕುಡಿದು ಪಕ್ಕದ ಬಾಗಿಲಿಗೆ ಹೋದರೆ ತಮ್ಮ ಮೆಲ್ಲಗೆ ಕೇಳುತ್ತಾರೆ, "ಆ ಕಡೆಯೋರು ಹುಷಾರಾಗಿದ್ದಾರಾ? ರಾತ್ರಿಯೆಲ್ಲ ಕೆಮ್ಮು ಕೇಳಿಸ್ತಿತ್ತು." ನಡುವಿನ ಗೋಡೆ ಒಂದು ಗೇಣು ದಪ್ಪವಿರಬಹುದು. ಹುಷಾರಾಗಿದ್ದಾರೆ ಎನ್ನುತ್ತೇನೆ. ತಮ್ಮ ತಲೆಯಾಡಿಸಿ, ಲೋಟ ಇಸಿದುಕೊಂಡು ಒಳಗೆ ಹೋಗುತ್ತಾರೆ.

ಕೆರೆಯಂಚಿನಲ್ಲಿ ಗಾಳಿ ಬೆನ್ನಿಗೆ ಬರುತ್ತದೆ. ಪೆಡಲು ತಾನಾಗಿ ತಿರುಗಿದಂತೆ ಹಗುರ. ಸ್ಟೇಷನ್ ಮುಟ್ಟಿದಾಗ ನಾಲ್ಕು ಗಂಟೆ. ದಾರಿಯಕ್ಕ ಅಂಗಡಿಯ ಬಾಗಿಲಲ್ಲೇ ನಿಂತಿದ್ದಾರೆ. ಸೈಕಲ್ಲನ್ನು ನೋಡುವುದಿಲ್ಲ, ಜಲಾಶಯ ಹೇಗಿತ್ತು ಎಂದು ಕೇಳುವುದಿಲ್ಲ.

"ನೀರು ಕುಡಿದ್ರಾ?"

ಒಳಗೆ ಕುರ್ಚಿಯಲ್ಲಿ ಕೂರಿಸುತ್ತಾರೆ. ನನ್ನ ಕಾಗದದ ಕಾರ್ಬನ್ ಪ್ರತಿ ಮೇಜಿನ ಮೇಲೆ ಸಿದ್ಧವಾಗಿದೆ. ಅಣ್ಣತಮ್ಮಂದಿರ ಕೆಮ್ಮಿನ ಸುದ್ದಿಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಬೀಗ ಬಿದ್ದ ಮನೆಗಳ ಮುಂದೆ ಯಾರಾದರೂ ಕಂಡರಾ ಎಂದು ಕೇಳಿ, ಇಲ್ಲ ಎಂದಾಗ ಅದನ್ನೂ ಬರೆಯುತ್ತಾರೆ. ಆಮೇಲೆ ಪೆನ್ಸಿಲ್ ಗುಡ್ಡದ ಮೇಲೆ ಬಂದು ನಿಲ್ಲುತ್ತದೆ.

"ಹೇಗಿದ್ದಾಳೆ?"

"ಏನೂ ಹಿಡ್ಕೊಳ್ಳದೆ ನಡೀತೀನಿ ಅಂತ ಹೇಳೋಕೆ ಹೇಳಿದ್ರು."

"ಅದು ಅವಳು ಹೇಳಿದ್ದು. ನೀವು ನೋಡಿದ್ದೇನು?"

ಹೇಳಿಬಿಡುತ್ತೇನೆ. ಗೋಡೆ, ಚೌಕಟ್ಟು, ಮೇಜು, ಮತ್ತೆ ಗೋಡೆ. ನಡುವಿನ ಎರಡು ಹೆಜ್ಜೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಮೇಜು ಬಾಗಿಲಿನಿಂದ ಎಷ್ಟು ದೂರ, ಗೋಡೆಯಲ್ಲಿ ಮೊಳೆಯಿದೆಯಾ, ಕಿಟಕಿಯ ಸರಳು ಗಟ್ಟಿಯಿದೆಯಾ ಎಂದು ವಿವರ ಕೇಳುತ್ತಾರೆ. ಮುಖದಲ್ಲಿ ಏನೂ ಕಾಣಿಸುವುದಿಲ್ಲ. ಎದ್ದು ಸೈಕಲ್ಲುಗಳ ಕೋಣೆಗೆ ಹೋಗಿ, ದಪ್ಪನೆಯ ಹಗ್ಗದ ಸುರುಳಿಯೊಂದನ್ನು ತಂದು ಮೊಳ ಹಾಕತೊಡಗುತ್ತಾರೆ.

"ನಾಳೆ ಗಂಡ ಹೆಂಡತಿ ಇಬ್ರು ಬರ್ತಿದ್ದಾರೆ. ಗಂಡ ಬಡಗಿ ಅಂತೆ. ಅವರ ಕೈಲಿ ಕಳಿಸ್ತೀನಿ. ಬಾಗಿಲಿಂದ ಬಚ್ಚಲವರೆಗೆ ಕಟ್ಟಿಕೊಟ್ಟು ಬರಲಿ. ಇದೇನು ಅಂತ ಅವಳು ಕೇಳಿದ್ರೆ ಬಟ್ಟೆ ಒಣಗಿಸೋಕೆ ಅನ್ನಲಿ. ಇಲ್ಲಾಂದ್ರೆ ಕಟ್ಟಿಸ್ಕೊಳ್ಳಲ್ಲ."

ಸೀಟಿನ ಕವರುಗಳನ್ನು ಕೊಡುತ್ತೇನೆ. ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ, "ಕೈ ನಡುಗ್ತಾ ಇಲ್ಲ" ಎಂದಷ್ಟೇ ಹೇಳಿ, ಅದನ್ನೂ ಬರೆದುಕೊಳ್ಳುತ್ತಾರೆ. ಬರೆದ ಕಾಗದವನ್ನು ರಟ್ಟಿನ ಪೆಟ್ಟಿಗೆಗೆ ಹಾಕುತ್ತಾರೆ.

ಯಾರೂ ಬಾರದ ದಿನಗಳೂ ಇವೆ. ಹೋದ ಮಳೆಗಾಲದಲ್ಲಿ ಸಾಲಾಗಿ ಹನ್ನೊಂದು ದಿನ ಒಬ್ಬ ಗಿರಾಕಿಯೂ ಬರಲಿಲ್ಲ. ಹಾಲಿನ ವ್ಯಾನಿನವನು ಗುಡ್ಡದ ಬುಡದಿಂದ ಫೋನ್ ಮಾಡಿ, ಸಂಜೆ ಮೇಲೆ ದೀಪ ಕಾಣಿಸುತ್ತಿದೆ ಎಂದು ಹೇಳುತ್ತಿದ್ದನಂತೆ. "ದೀಪ ಇದ್ರೆ ಸ್ವಿಚ್ ಹಾಕೋಕೆ ಎದ್ದಿದ್ದಾಳೆ ಅಂತ ತಾನೆ. ಅಷ್ಟರಲ್ಲೇ ಹನ್ನೊಂದು ದಿನ ಕಳೆದೆ" ಎನ್ನುತ್ತಾರೆ. ಆ ದಿನಗಳಲ್ಲಿ ಅವರು ಪ್ರತಿ ರೈಲಿನ ಹೊತ್ತಿಗೂ ಪ್ಲಾಟ್‌ಫಾರಂ ಮೇಲೆ ಹೋಗಿ ನಿಂತು, ಇಳಿದವರ ಮುಖ ನೋಡಿ, ಗೇಟು ಖಾಲಿಯಾದ ಮೇಲೆ ವಾಪಸ್ ಬಂದು ಕೂರುತ್ತಿದ್ದರೆಂದು ನನಗೆ ಹೇಳಿದ್ದು ಸ್ಟೇಷನ್ ಮಾಸ್ತರು. ಇವರನ್ನು ಕೇಳಿದರೆ, "ಗಾಳಿಗೆ ನಿಂತಿರ್ತೀನಿ" ಎನ್ನುತ್ತಾರೆ.

ನನ್ನ ರೈಲಿಗೆ ಇನ್ನೂ ಹೊತ್ತಿದೆ. ದಾರಿಯಕ್ಕ ನಾನು ತಂದ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನ ಬರೆಯುವವರೆಲ್ಲ ಕೊನೆಗೆ ಕೇಳುವ ಪ್ರಶ್ನೆ. ಗುಡ್ಡದ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಚಕ್ರವನ್ನು ತಿರುಗಲು ಬಿಟ್ಟು, ಅದು ನಿಂತ ಮೇಲೆ ಎಣ್ಣೆಯ ಡಬ್ಬಿಯ ಮುಚ್ಚಳ ಹಾಕುತ್ತಾರೆ.

"ಒಂದ್ಸಲ ನಾನೂ ಎಲ್ಲಾದ್ರೂ ಗೊತ್ತಿಲ್ಲದ ಊರಿಗೆ ಹೋಗಿ ಇಳೀಬೇಕು" ಎನ್ನುತ್ತಾರೆ. "ಅಲ್ಲಿ ಯಾರೋ ಒಬ್ರು ಕೂತು ನನಗೆ ದಾರಿ ಬರೆದುಕೊ‌ಡ್ಬೇಕು. ಅದನ್ನ ಹಿಡ್ಕೊಂಡು ಒಂದಿನ ಪೂರ್ತಿ ಹೋಗ್ತಾನೇ ಇರ್ಬೇಕು. ಮುಂದಿನ ತಿರುವಲ್ಲಿ ಏನಿದೆ, ಯಾರ ಮನೆ ಇದೆ, ಅವರು ಹೇಗಿದ್ದಾರೋ ಏನೋ, ಒಂದೂ ನನಗೆ ಗೊತ್ತಿರಬಾರದು."

ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಎದ್ದು ನಿಲ್ಲುತ್ತಾರೆ.

"ಸಂಜೆ ವಾಪಸ್ ಬಂದಾಗ, ಎಲ್ಲೆಲ್ಲಿ ಹೋದೆ, ಏನೇನು ನೋಡಿದೆ ಅಂತ ಅವರು ಕೇಳ್ಬೇಕು. ನಾನು ಹೇಳ್ಬೇಕು."